ಹರಿಹರಕ್ಕೆ ವಾಪಸು ಒಯ್ದ ಕೊಬ್ಬರಿ

ರಕ್ತಪರೀಕ್ಷೆಯ ಕೇಂದ್ರದವನು ಆ ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಾಗ, ಅದರೊಳಗಿರುವುದು ನನ್ನ ಹೆಂಡತಿಯ ರಕ್ತವೆಂದು ನಾನು ನಂಬಲಿಲ್ಲ. ತಳದಲ್ಲಿ ಕಡುಗೆಂಪು ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ತಿಳಿಯಾಗಿ, ತೆಳುಹಳದಿಯಾಗಿ ನಿಲ್ಲಬೇಕಾಗಿದ್ದ ದ್ರವ ನೀರುಮಜ್ಜಿಗೆಯಂತೆ ಬೆಳ್ಳಗಿತ್ತು.

“ಯಜಮಾನ್ರೆ, ಅಮ್ಮಾರು ನಿಜವಾಗ್ಲೂ ಖಾಲಿ ಹೊಟ್ಟೇಲೆ ಬಂದಾರೇನು? ಬೆಣ್ಣೆದೋಸೆ ಮುಗಿಸ್ಕೊಂಡು ಬಂದಂಗ ಐತಲ್ರಿ” ಎಂದ.

ಬೆಂಚಿನ ಮೇಲೆ ಸರದಿಗಾಗಿ ಕೂತಿದ್ದ ಇಬ್ಬರು ನಕ್ಕರು. ಒಬ್ಬ ಕನ್ನಡಕದವನು, ಇನ್ನೊಬ್ಬ ಹಸಿರು ಅಂಗಿ ತೊಟ್ಟವನು. ಇವತ್ತು ಸಿಕ್ಕರೂ ಇಬ್ಬರನ್ನೂ ಗುರುತಿಸುತ್ತೇನೆ. ನನ್ನ ಹೆಂಡತಿ ಮಾತ್ರ ಮೊಣಕೈಯ ಹತ್ತಿಯನ್ನು ಒತ್ತಿಹಿಡಿದು ನೆಲ ನೋಡುತ್ತಿದ್ದಳು. ಆ ನೆಲ ನೋಡುವಿಕೆಯನ್ನು ನಾನು ತಪ್ಪೊಪ್ಪಿಗೆ ಎಂದು ಓದಿಕೊಂಡೆ. ಆಮೇಲೆ ನಡೆದದ್ದೆಲ್ಲ ಆ ಒಂದು ಓದಿನಿಂದ ನಡೆಯಿತು.

ಅವಳ ಮೂತ್ರಪಿಂಡಗಳು ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿವೆ ಎಂದು ತಿಳಿದು ಆಗ ನಾಲ್ಕು ವರ್ಷವಾಗಿತ್ತು. ಡಯಾಲಿಸಿಸ್ ಬೇಕಾಗಿರಲಿಲ್ಲ, ಅದು ಬೇಕಾಗದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸವಾಗಿತ್ತು. ನಮ್ಮ ಕೆಲಸ ಎಂದೆ. ನನ್ನ ಕೆಲಸ ಎನ್ನಬೇಕು. ನಾನು ಹರಿಹರದ ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವನು. ಕೂದಲೆಳೆಯಷ್ಟು ಹೆಚ್ಚಿದ್ದರೂ ಬಿಡಿಭಾಗವನ್ನು ಪಕ್ಕಕ್ಕೆ ಸರಿಸಿ ಕೆಂಪು ಬಣ್ಣದ ಗುರುತು ಹಾಕುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ಕಣ್ಣು ನಮ್ಮ ಕೆ.ಬಿ. ಬಡಾವಣೆಯ ಮನೆಯ ಅಡುಗೆಕೋಣೆಗೆ ಬಂತು. ಉಪ್ಪನ್ನು ಬೆಳಿಗ್ಗೆಯೇ ಅಳೆದು ಒಂದು ಚಿಕ್ಕ ಬಟ್ಟಲಿನಲ್ಲಿ ಇಡುತ್ತಿದ್ದೆ. ಅದು ಮುಗಿದರೆ ಆ ದಿನಕ್ಕೆ ಮುಗಿಯಿತು. ತರಕಾರಿಯನ್ನು ಹೆಚ್ಚಿ, ಕುದಿಸಿ, ನೀರು ಬಸಿದು, ಮತ್ತೆ ಬೇಯಿಸುತ್ತಿದ್ದೆವು. ಬೇಳೆಯನ್ನು ಗ್ರಾಮಿನಲ್ಲಿ ತೂಗುತ್ತಿದ್ದೆ. ಎಣ್ಣೆ ಇಬ್ಬರಿಗೂ ಸೇರಿ ದಿನಕ್ಕೆ ಮೂರು ಚಮಚ. ಬೆಣ್ಣೆ ನಮ್ಮ ಹೊಸ್ತಿಲು ದಾಟಿ ನಾಲ್ಕು ವರ್ಷವಾಗಿತ್ತು. ಬೆಣ್ಣೆದೋಸೆಯ ವಾಸನೆಯಲ್ಲೇ ಬೆಳಗಾಗುವ ಊರಿನಲ್ಲಿ ಇದು ಸಣ್ಣ ಕೆಲಸವಲ್ಲ.

ಹೀಗಿರುವಾಗ ವರದಿ ಬಂತು. ನೂರೈವತ್ತರ ಒಳಗಿರಬೇಕಾದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ನಾನೂರನ್ನು ದಾಟಿತ್ತು. ಹೃದಯವನ್ನು ಕಾಯುವುದೆಂದು ಹೇಳುವ ಒಳ್ಳೆಯ ಕೊಲೆಸ್ಟರಾಲ್ ಇರಬೇಕಾದ್ದಕ್ಕಿಂತ ಬಹಳ ಕೆಳಗಿತ್ತು. ನಾನು ಆ ಕಾಗದವನ್ನು ಊಟದ ಮೇಜಿನ ಮೇಲೆ ಹರಡಿ, ನನ್ನ ಊಟದ ಟಿಪ್ಪಣಿಪುಸ್ತಕವನ್ನು ಪಕ್ಕದಲ್ಲಿಟ್ಟು, ಒಂದೊಂದೇ ದಿನವನ್ನು ಹಿಂದಕ್ಕೆ ಓದಿದೆ. ನನ್ನ ಪುಸ್ತಕದಲ್ಲಿ ಅಷ್ಟು ಕೊಬ್ಬು ಎಲ್ಲಿಯೂ ಇರಲಿಲ್ಲ. ನಾನು ತೂಗದ ಊಟ ಒಂದೇ ಕಡೆ ಇತ್ತು: ಹದಿನೈದು ದಿನಕ್ಕೊಮ್ಮೆ ಸೋಮವಾರ ಅವಳು ಹೋಗುತ್ತಿದ್ದ ಹರಿಹರದಲ್ಲಿ, ಅವಳ ಅಕ್ಕನ ಮನೆಯಲ್ಲಿ.

ಆ ಅಕ್ಕನನ್ನು ಕುರಿತು ಒಂದೆರಡು ಮಾತು ಹೇಳಲೇಬೇಕು. ತಾಯಿ ತೀರಿಕೊಂಡ ಮೇಲೆ ನನ್ನ ಹೆಂಡತಿಗೆ ತವರು ಎಂದರೆ ಆಕೆಯೇ. ಹೊಲ, ಅಂಗಡಿ ಎರಡೂ ಇದ್ದ ಮನೆತನ ಅವರದು. ಮದುವೆಯಾದ ಮೊದಲ ದೀಪಾವಳಿಗೆ ನಾನು ಅಳಿಯನಾಗಿ ಹೋಗಿ ಪಂಕ್ತಿಯಲ್ಲಿ ಕೂತಾಗ, ರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತ ಬಂದ ಆಕೆ ನನ್ನ ಎಲೆಯ ಮುಂದೆ ನಿಂತು, “ಫ್ಯಾಕ್ಟರಿ ಮಂದಿಗೆ ಬೆಣ್ಣೆ ಅರಗತೈತೇನ್ರಿ?” ಎಂದು ಕೇಳಿದರು. ಹದಿನಾಲ್ಕು ಜನ ಊಟಕ್ಕೆ ಕೂತಿದ್ದರು. ಹದಿಮೂರು ಜನ ನಕ್ಕರು. ಇನ್ನೊಮ್ಮೆ ಎಲ್ಲರೂ ಉಕ್ಕಡಗಾತ್ರಿಯ ಜಾತ್ರೆಗೆ ಹೊರಟಾಗ ಕಾರಿನಲ್ಲಿ ಜಾಗವಿಲ್ಲವೆಂದು ನನ್ನೊಬ್ಬನನ್ನು ಬಸ್ಸಿಗೆ ಕಳಿಸಿದರು. ನಾನು ಹೋಗಿ ಇಳಿದು ನೋಡಿದರೆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಕುಂಬಳಕಾಯಿ ಕೂತು ಬಂದಿತ್ತು. ಇವೆರಡೇ ಅಲ್ಲ. ಆದರೆ ಇವೆರಡು ಸಾಕು.

ವರದಿ ಬಂದದ್ದು ಗುರುವಾರ. ಮುಂದಿನ ಸೋಮವಾರ ಅವಳು ಹರಿಹರದಿಂದ ಸಂಜೆ ಬಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ, ನಾನು ಮದುವೆಯಾದಂದಿನಿಂದ ಒಮ್ಮೆಯೂ ಮಾಡದ ಕೆಲಸವನ್ನು ಮಾಡಿದೆ. ಅವಳ ಚೀಲ ತೆರೆದೆ. ಒಂದು ಬಿಳಿ ವಸ್ತ್ರದಲ್ಲಿ ಐದು ಹಿಡಿ ಅಕ್ಕಿ, ಅರಿಶಿನದ ಕೊಂಬು, ಎಲೆ ಅಡಿಕೆ, ಬೆಲ್ಲದ ಚೂರು, ಮತ್ತು ಎರಡು ದೊಡ್ಡ ಕೊಬ್ಬರಿ ಬಟ್ಟಲು.

ಅದು ಉಡಿ. ತವರಿನಿಂದ ಹೊರಡುವ ಮಗಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಅವಳು ಒಡ್ಡಿದ ಸೆರಗಿಗೆ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ತಾಯಿ ಸಾಯುವ ಮುನ್ನ ದೊಡ್ಡ ಮಗಳ ಕೈ ಹಿಡಿದು, ಸಣ್ಣವಳು ಎಂದೂ ಬರಿ ಉಡಿಯಲ್ಲಿ ಹೋಗಬಾರದು ಎಂದಿದ್ದರಂತೆ. ಅದಕ್ಕೇ ಆಕೆ ಪ್ರತಿ ಸಲವೂ ತುಂಬುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಆ ಗಳಿಗೆಯಲ್ಲಿ ನನಗೆ ಕಂಡದ್ದು ಕೊಬ್ಬರಿಯ ಎಣ್ಣೆ ಮಾತ್ರ. ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟು ತೂಗಿದೆ ಕೂಡ.

“ಇದೇನು?” ಎಂದೆ, ಅವಳು ಒಳಗೆ ಬಂದಾಗ.

“ಉಡೀದು.”

“ತಿನ್ನುತ್ತೀಯಾ?”

“ಇಲ್ಲ.”

“ಹಾಗಾದರೆ ಇಷ್ಟು ದಿನ ತಂದದ್ದೆಲ್ಲ ಎಲ್ಲಿ ಹೋಯಿತು?”

ಅವಳು ತಕ್ಕಡಿಯನ್ನು ನೋಡಿದಳು, ನನ್ನನ್ನು ನೋಡಿದಳು. “ನಂಬಾಹಂಗಿದ್ರ ಹೇಳ್ತಿದ್ದೆ” ಎಂದು ಒಳಕೋಣೆಗೆ ಹೋದಳು.

ಮರುದಿನ ಹತ್ತರ ಬಸ್ಸಿಗೆ ನಾನು ಹರಿಹರಕ್ಕೆ ಹೊರಟೆ. ಮೂವತ್ತೊಂದು ವರ್ಷ ಓಡಾಡಿದ ದಾರಿ. ಚೀಲದಲ್ಲಿ ವರದಿಯ ಪ್ರತಿ ಇತ್ತು, ಎರಡು ಕೊಬ್ಬರಿ ಬಟ್ಟಲುಗಳಿದ್ದವು. ಹೊಳೆಯ ಕಡೆಗಿರುವ ಅವರ ಮನೆಯ ಪಡಸಾಲೆಯಲ್ಲಿ ನನ್ನ ಷಡ್ಡಕರು ಪತ್ರಿಕೆ ಓದುತ್ತಿದ್ದರು. ಆಕೆ ಮೊರದಲ್ಲಿ ಶೇಂಗಾ ಆರಿಸುತ್ತಿದ್ದರು.

“ಬರ್ರಿ ಬರ್ರಿ, ಇನ್‌ಸ್ಪೆಕ್ಟರ್ ಸಾಹೇಬ್ರು ದಾರಿ ತಪ್ಪಿ ಬಂದಂಗ ಕಾಣ್ತೈತಿ. ಕೂಡ್ರಿ” ಎಂದರು.

ನಾನು ಕೂರಲಿಲ್ಲ. ಕೊಬ್ಬರಿ ಬಟ್ಟಲುಗಳನ್ನು ತೆಗೆದು ಮೊರದ ಪಕ್ಕದಲ್ಲಿ, ಬರಿನೆಲದ ಮೇಲೆ ಇಟ್ಟೆ. ವರದಿಯನ್ನು ಓದಿ ಹೇಳಿದೆ. ನಾಲ್ಕು ವರ್ಷ ನಾನು ಚಮಚದಲ್ಲಿ ಉಳಿಸಿದ್ದನ್ನು ಈ ಮನೆಯಲ್ಲಿ ಸೌಟಿನಲ್ಲಿ ಕಳೆಯುತ್ತಿದ್ದೀರಿ, ಇನ್ನು ಮುಂದೆ ಅವಳು ಇಲ್ಲಿಗೆ ಬರುವುದಿಲ್ಲ, ನಿಮ್ಮ ಕೊಬ್ಬರಿಯೂ ನಮ್ಮ ಮನೆಗೆ ಬರುವುದು ಬೇಡ ಎಂದೆ. ಈ ವಾಕ್ಯಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಒಂದು ಪದವೂ ಹಿಂದೆಮುಂದಾಗಲಿಲ್ಲ.

ಆಕೆ ಮೊರವನ್ನು ಪಕ್ಕಕ್ಕೆ ಸರಿಸಿದರು. “ನಾನು ಆಕೀಗೆ ಮುದ್ದಿ, ಸಪ್ಪನ್ನ ಸಾರು ಬಿಟ್ಟು ಬ್ಯಾರೆ ಏನೂ ಹಾಕಿಲ್ಲರಿ. ನೀವು ಬರೆದು ಕಳಿಸಿದ ಚೀಟಿ ಒಲಿ ಮ್ಯಾಲೆ ಅಂಟಿಸೀನಿ, ನೋಡ್ರಿ ಬೇಕಾರ” ಎಂದರು. ನಾನು ನೋಡಲು ಹೋಗಲಿಲ್ಲ. ಆಕೆ ಎದ್ದು, ಸೆರಗನ್ನು ಎರಡು ಕೈಯಲ್ಲಿ ಹಿಡಿದು, ನೆಲದಿಂದ ಆ ಬಟ್ಟಲುಗಳನ್ನು ಸೆರಗಿನೊಳಗೆ ಎತ್ತಿಕೊಂಡು ದೇವರ ಜಗಲಿಯ ಕಡೆ ಹೋದರು.

ಷಡ್ಡಕರು ಪತ್ರಿಕೆ ಮಡಿಚಿದರು. ಹೆಚ್ಚು ಮಾತಿನ ಮನುಷ್ಯರಲ್ಲ ಅವರು. “ಹೆಣ್ಮಗಳು ಸತ್ರ ಉಡಿ ನಿಂತದ್ದು ನೋಡೀನಿ. ಬದುಕಿರಾಕೀದು ವಾಪಸ್ ಬಂದದ್ದು ಇದೇ ಮೊದಲು” ಎಂದರು.

ಆ ಮಾತು ನನಗೆ ಅವಮಾನವೆಂದು ಕಂಡಿತು. ಅದನ್ನೂ ಹಳೆಯ ಸಾಲಿಗೆ ಸೇರಿಸಿಕೊಂಡು ಹೊರಟು ಬಂದೆ.

ಈಗ ನನ್ನ ಎರಡನೆಯ ತಪ್ಪನ್ನು ಬರೆಯಬೇಕು. ಆ ವರದಿಯನ್ನು ನಾನು, ಪರೀಕ್ಷೆ ಬರೆದುಕೊಟ್ಟಿದ್ದ ಪಿ.ಜೆ. ಬಡಾವಣೆಯ ವೈದ್ಯೆಗೆ ತೋರಿಸಲಿಲ್ಲ. ಕಾರ್ಖಾನೆಯಲ್ಲಿ ನಮ್ಮ ವಿಭಾಗದ ರೂಢಿ ಒಂದಿತ್ತು: ಕೆಟ್ಟ ಅಳತೆಯ ಭಾಗವನ್ನು ಮೇಲಿನವರಿಗೆ ತೋರಿಸುವ ಮುನ್ನ ನಾವೇ ತಿದ್ದಿಸಿ, ಮರುಅಳತೆ ಮಾಡಿ, ಸರಿಯಾದದ್ದನ್ನೇ ಮುಂದಕ್ಕೆ ಕಳಿಸುವುದು. ದೋಷವನ್ನು ಹಾಗೆಯೇ ಹಿಡಿದುಕೊಂಡು ಹೋಗುವವನನ್ನು ಕೆಲಸ ಬಾರದವನೆಂದು ನಾವು ಎಣಿಸುತ್ತಿದ್ದೆವು. ನನ್ನ ಉಸ್ತುವಾರಿಯಲ್ಲಿರುವ ಹೆಂಡತಿಯ ರಕ್ತ ಇಷ್ಟು ಕೆಟ್ಟಿದೆ ಎಂದು ಮಗಳ ವಯಸ್ಸಿನ ವೈದ್ಯೆಯ ಮುಂದೆ ಹೇಗೆ ಒಪ್ಪಿಕೊಳ್ಳಲಿ? ಎರಡು ತಿಂಗಳು ತಿದ್ದೋಣ, ಮತ್ತೆ ಪರೀಕ್ಷೆ ಮಾಡಿಸಿ ಸರಿಯಾದ ಕಾಗದ ಒಯ್ಯೋಣ ಎಂದುಕೊಂಡೆ.

ತಿದ್ದಿದೆ. ಮೂರು ಚಮಚ ಎಣ್ಣೆಯನ್ನು ಒಂದಕ್ಕೆ ಇಳಿಸಿದೆ. ಒಗ್ಗರಣೆ ನಿಲ್ಲಿಸಿದೆ. ಮಧ್ಯಾಹ್ನ ಒಂದು ರೊಟ್ಟಿ ಕಡಿಮೆ ಮಾಡಿದೆ, ರಾತ್ರಿ ಅನ್ನವನ್ನು ಅರ್ಧ ಮಾಡಿದೆ. ಅವಳು ಕೊಟ್ಟಷ್ಟು ಉಂಡಳು. ಬೇಕೆಂದು ಕೇಳಲಿಲ್ಲ, ಬೇಡವೆಂದು ಹೇಳಲಿಲ್ಲ. ಸೋಮವಾರಗಳಂದು ಮಾತ್ರ ಬೆಳಿಗ್ಗೆ ಬೇಗ ಸ್ನಾನ ಮಾಡಿ, ಹೊರಡುವವಳಂತೆ ಸೀರೆಯುಟ್ಟು, ಬಾಗಿಲ ಬಳಿಯ ಕುರ್ಚಿಯಲ್ಲಿ ಮಧ್ಯಾಹ್ನದವರೆಗೆ ಕೂತಿರುತ್ತಿದ್ದಳು. ಅವಳ ಬಳೆಗಳು ಮಣಿಕಟ್ಟಿನಲ್ಲಿ ನಿಲ್ಲದೆ ಮೊಣಕೈಯತ್ತ ಸರಿಯತೊಡಗಿದವು. ತೂಕ ಇಳಿದಿತ್ತು. ಅದನ್ನು ನಾನು ಟಿಪ್ಪಣಿಪುಸ್ತಕದಲ್ಲಿ ಬರೆದು ಮುಂದೆ ‘ಉತ್ತಮ’ ಎಂದು ಗುರುತಿಸಿದೆ. ಆ ಪುಟ ಈಗಲೂ ನನ್ನ ಬಳಿ ಇದೆ. ಹರಿದು ಹಾಕಬಹುದಿತ್ತು, ಹಾಕಿಲ್ಲ.

ಎರಡು ತಿಂಗಳ ನಂತರ ಅದೇ ಕೇಂದ್ರದಲ್ಲಿ ಮತ್ತೆ ರಕ್ತ ಕೊಟ್ಟೆವು. ಸಂಜೆ ವರದಿ ಬಂತು. ಅಂಕಿ ಇಳಿದಿರಲಿಲ್ಲ, ಹಿಂದಿನದಕ್ಕಿಂತ ಹದಿನೆಂಟು ಹೆಚ್ಚಾಗಿತ್ತು.

ನಾನು ಆ ಕಾಗದವನ್ನು ಮೂರು ಸಲ ಓದಿದೆ. ಹೆಸರು ಸರಿಯಿತ್ತು. ವಯಸ್ಸು ಸರಿಯಿತ್ತು. ಹರಿಹರವಿಲ್ಲ, ಕೊಬ್ಬರಿಯಿಲ್ಲ, ಒಗ್ಗರಣೆಯ ಎಣ್ಣೆಯೂ ಇಲ್ಲ. ಹಾಗಿದ್ದ ಮೇಲೆ ಈ ಕೊಬ್ಬು ಬಂದದ್ದು ಎಲ್ಲಿಂದ? ಅಳತೆಯ ಉಪಕರಣ ಸುಳ್ಳು ಹೇಳುತ್ತಿದೆ ಎಂದಾಗ ತಪಾಸಣೆಯವನಿಗೆ ಆಗುವ ದಿಗಿಲು ಬೇರೆಯವರಿಗೆ ತಿಳಿಯುವುದಿಲ್ಲ. ಅಷ್ಟು ವರ್ಷ ತೇರ್ಗಡೆ ಮಾಡಿದ್ದು, ತಿರಸ್ಕರಿಸಿದ್ದು ಎಲ್ಲವೂ ಒಮ್ಮೆಗೇ ಅನುಮಾನಕ್ಕೆ ಬೀಳುತ್ತದೆ.

ಪಿ.ಜೆ. ಬಡಾವಣೆಯ ಆ ಕ್ಲಿನಿಕ್ಕಿನಲ್ಲಿ ವೈದ್ಯೆ ಎರಡೂ ವರದಿಗಳನ್ನು ಜೋಡಿಸಿಟ್ಟು ನೋಡಿದರು. ನಾನು ವಿವರಿಸಲು ಆರಂಭಿಸಿದೆ: ಹರಿಹರ, ಅಕ್ಕ, ಕೊಬ್ಬರಿ, ತಿದ್ದುಪಡಿ. ಅವರು ಕೈ ಎತ್ತಿ ತಡೆದರು.

“ಸರ್, ಒಂದು ನಿಮಿಷ. ಮೊದಲನೇ ರಿಪೋರ್ಟ್ ಎರಡು ತಿಂಗಳ ಹಿಂದಿನದು. ಆಗಲೇ ಯಾಕೆ ತರಲಿಲ್ಲ?”

“ಸರಿಪಡಿಸಿಕೊಂಡು ತರೋಣವೆಂದು...”

“ಏನನ್ನ ಸರಿಪಡಿಸ್ತೀರಿ? ಇದು ಅವರು ತಿಂದಿದ್ದಲ್ಲ ಸರ್. ಇದು ಅವರ ಕಾಯಿಲೆ.”

ಆಮೇಲೆ ಅವರು ಹೇಳಿದ್ದನ್ನು ನಾನು ಅರ್ಥಮಾಡಿಕೊಂಡಷ್ಟು ಬರೆಯುತ್ತೇನೆ. ಮೂತ್ರಪಿಂಡ ಸೊರಗಿದಾಗ ಕೆಡುವುದು ಸೋಸುವ ಕೆಲಸವೊಂದೇ ಅಲ್ಲ. ರಕ್ತದಲ್ಲಿ ಸಾಗುವ ಕೊಬ್ಬನ್ನು ಒಡೆದು ತೆರವು ಮಾಡುವ ಕೆಲಸವೂ ದೇಹದಲ್ಲಿ ನಿಧಾನವಾಗುತ್ತದೆ. ಆದ್ದರಿಂದ ಕಡಿಮೆ ತಿಂದರೂ ಅದು ರಕ್ತದಲ್ಲೇ ಉಳಿದು ಕೂಡಿಕೊಳ್ಳುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವವರಲ್ಲಿ, ಆ ನಷ್ಟವನ್ನು ತುಂಬಲು ಹೊರಟ ಯಕೃತ್ತು ಕೊಬ್ಬಿನ ಕಣಗಳನ್ನೂ ಹೆಚ್ಚು ಮಾಡಿ ರಕ್ತಕ್ಕೆ ಬಿಡುತ್ತದೆ. ಒಳ್ಳೆಯ ಕೊಲೆಸ್ಟರಾಲ್ ಇಳಿಯುವುದೂ ಇದೇ ಕಾಯಿಲೆಯ ಭಾಗ. ಸಕ್ಕರೆ ಕಾಯಿಲೆಯಾಗಲಿ ಥೈರಾಯ್ಡ್ ಆಗಲಿ ಅವಳಿಗೆ ಇಲ್ಲವೆಂದು ಮೊದಲೇ ನೋಡಿಯಾಗಿತ್ತು. ಊಟದ ಹಿಡಿತ ಬೇಕು, ಆದರೆ ಊಟದಿಂದ ಮಾತ್ರ ಇದು ಬಗ್ಗುವುದಿಲ್ಲ.

“ಇವರ ವಿಷಯದಲ್ಲಿ ನನಗೆ ಕಿಡ್ನಿಗಿಂತ ಮೊದಲು ಹೃದಯದ ಭಯ. ರಕ್ತನಾಳ ಕಟ್ಟಿಕೊಳ್ಳದ ಹಾಗೆ ಕಾಯೋ ಮಾತ್ರೆ ಇದೆ, ದಿನಕ್ಕೊಂದು. ಅದನ್ನ ಎರಡು ತಿಂಗಳ ಹಿಂದೆ ಶುರು ಮಾಡಬಹುದಿತ್ತು” ಎಂದು ಬರೆಯತೊಡಗಿದರು. ಬರೆಯುತ್ತಿದ್ದವರು ನಿಲ್ಲಿಸಿ, ತೂಕದ ಅಂಕಿ ನೋಡಿ, ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. “ಅಮ್ಮಾ, ಐದು ಕೇಜಿ ಇಳಿದಿದೀರಿ. ಹಸಿವಾಗುತ್ತಾ ನಿಮಗೆ?”

ನನ್ನ ಹೆಂಡತಿ ಉತ್ತರ ಕೊಡುವ ಮುನ್ನ ನನ್ನ ಮುಖ ನೋಡಿದಳು.

ಅಷ್ಟೇ. ಎಂದೂ ಯಾರಿಗೂ ಹೆದರಿದವಳಲ್ಲ ಅವಳು. ಹಸಿವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರಿಸಲು ನನ್ನ ಮುಖದಲ್ಲಿ ಅಪ್ಪಣೆ ಹುಡುಕಿದಳು. ನಾನು ಕೈಯಲ್ಲಿದ್ದ ಟಿಪ್ಪಣಿಪುಸ್ತಕವನ್ನು ಮುಚ್ಚಿದೆ.

“ಆಗ್ತೈತೆ” ಎಂದಳು.

ನನಗೆ ಸಿಟ್ಟೂ ಬಂತು, ಮುಚ್ಚಿಡುವುದಿಲ್ಲ. ನಾಲ್ಕು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ನಮಗೆ ಕೊಟ್ಟ ಅಚ್ಚಿನ ಹಾಳೆಯಲ್ಲಿ ಉಪ್ಪಿನ ಬಗ್ಗೆ ಆರು ಸಾಲು, ಬಾಳೆಹಣ್ಣಿನ ಬಗ್ಗೆ ಎರಡು ಸಾಲು ಇದ್ದವು. ಈ ವಿಷಯದ ಬಗ್ಗೆ ಒಂದು ಸಾಲೂ ಇರಲಿಲ್ಲ. ಒಂದು ಸಾಲು ಸಾಕಾಗಿತ್ತು. ಆದರೆ ವರದಿಯನ್ನು ಬೀರುವಿನಲ್ಲಿ ಇಟ್ಟವರು ಆ ಆಸ್ಪತ್ರೆಯವರಲ್ಲ.

ಮನೆಗೆ ಬಂದು ನಾನು ಕುರ್ಚಿಯಲ್ಲಿ ಕೂತಿದ್ದೆ. ಅವಳು ಅಟ್ಟದಿಂದ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಇಳಿಸಿ ತಂದು ನನ್ನ ಮುಂದೆ ಇಟ್ಟಳು.

“ಎಲ್ಲಿ ಹೋತು ಅಂತ ಕೇಳಿದ್ರಲ್ಲ. ಎಣಿಸ್ಕೊಳ್ರಿ.”

ಮುಚ್ಚಳ ತೆಗೆದಾಗ ಕಮಟು ವಾಸನೆ ಮೂಗಿಗೆ ಹೊಡೆಯಿತು. ಒಳಗೆಲ್ಲ ಕೊಬ್ಬರಿ ಬಟ್ಟಲುಗಳು. ಕೆಲವು ಹಳದಿಗೆ ತಿರುಗಿದ್ದವು, ಕೆಲವಕ್ಕೆ ಹುಳು ಹಿಡಿದಿತ್ತು. ಒಂದನ್ನೂ ಯಾರೂ ಮುರಿದಿರಲಿಲ್ಲ. ಉಡಿಯಲ್ಲಿ ಬಂದದ್ದನ್ನು ಯಾರಿಗೂ ಕೊಡುವಂತಿಲ್ಲ, ಎಸೆಯುವಂತಿಲ್ಲ. ಕಾಯಿಲೆಯ ಕಾರಣ ತಿನ್ನುವಂತಿಲ್ಲ. ಆದ್ದರಿಂದ ಇಟ್ಟಿದ್ದಳು. ನಾನು ಎಣಿಸಿದೆ. ಅದು ನನ್ನ ಸ್ವಭಾವ, ನಾಚಿಕೆಯಲ್ಲೂ ಎಣಿಸುತ್ತೇನೆ. ಇಪ್ಪತ್ತೆರಡು. ಅದಕ್ಕಿಂತ ಹಳೆಯವನ್ನು ಕಳೆದ ಬೇಸಿಗೆಯಲ್ಲಿ ಹೊಳೆಗೆ ಬಿಟ್ಟಿದ್ದಳಂತೆ. ಅಲ್ಲಿಂದ ಈಚೆಗೆ ಹರಿಹರಕ್ಕೆ ಹೋದ ಸೋಮವಾರಗಳು ನನ್ನ ಪುಸ್ತಕದಲ್ಲಿ ಹನ್ನೆರಡು. ಸಲಕ್ಕೆ ಎರಡರಂತೆ ಇಪ್ಪತ್ತನಾಲ್ಕು. ಕಡಿಮೆಯಾದ ಎರಡು, ನಾನು ವಾಪಸು ಒಯ್ದು ನೆಲದ ಮೇಲೆ ಇಟ್ಟವು.

ಮರುದಿನ ಹತ್ತರ ಬಸ್ಸಿಗೆ ಮತ್ತೆ ಹರಿಹರಕ್ಕೆ ಹೋದೆ. ಈ ಸಲ ವಾಕ್ಯ ಜೋಡಿಸಿಕೊಂಡಿರಲಿಲ್ಲ. ಜೋಡಿಸಲು ಯತ್ನಿಸಿದ್ದೆ, ಬಂದಿರಲಿಲ್ಲ. ಬಾಗಿಲಲ್ಲಿ ನಿಂತವನನ್ನು ಆಕೆ ಒಳಗೆ ಕರೆಯಲಿಲ್ಲ. ನಾನು ಅಲ್ಲಿಯೇ ನಿಂತು ವೈದ್ಯೆ ಹೇಳಿದ್ದನ್ನು ಹೇಳಿದೆ, ಡಬ್ಬಿಯ ವಿಷಯ ಹೇಳಿದೆ, “ಅಕ್ಕಾರೆ, ನನ್ನದು ತಪ್ಪಾಯಿತು” ಎಂದೆ. ಈ ಮೂರು ಪದಗಳನ್ನು ಆ ಮನೆಯಲ್ಲಿ ಆಡುವ ಪ್ರಸಂಗ ಬಂದೀತೆಂದು ನಾನು ಎಂದೂ ಎಣಿಸಿರಲಿಲ್ಲ.

ಆಕೆ ಮೊದಲು ಕೇಳಿದ್ದು, “ಆಕಿ ಎದಿಗೇನೂ ಆಗಿಲ್ಲಲ್ಲ?” ಎಂದು.

“ಇಲ್ಲ. ಮಾತ್ರೆ ಶುರುವಾಗಿದೆ.”

“ಉಣ್ತಾಳೇನು?”

“ಇನ್ನು ಮೇಲೆ ಉಣ್ಣುತ್ತಾಳೆ.”

‘ಇನ್ನು ಮೇಲೆ’ ಎಂಬುದನ್ನು ಆಕೆ ಕೇಳಿಸಿಕೊಂಡರು. ಒಳಗೆ ನೋಡಿದೆ: ದೇವರ ಜಗಲಿಯ ಅಂಚಿನಲ್ಲಿ ಆ ಎರಡು ಬಟ್ಟಲುಗಳು ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಒಲೆಯ ಮೇಲಿನ ಗೋಡೆಯಲ್ಲಿ ನನ್ನ ಕೈಬರಹದ ಚೀಟಿ ಹೊಗೆ ಹಿಡಿದು ಕಂದಾಗಿತ್ತು.

“ಅವನ್ನ ಕೊಡಿ, ಒಯ್ಯುತ್ತೇನೆ” ಎಂದೆ.

“ಉಡಿ ಅಂದ್ರ ಗಂಡಸಿನ ಕೈಚೀಲಕ್ಕ ಹಾಕಾದೇನ್ರಿ? ತಂದ ಕೈಯಾಗ ಒಯ್ಯಾಕ ಬರಲ್ಲ. ಆಕೀನ ಕಳಿಸ್ರಿ” ಎಂದರು. ಆಮೇಲೆ, “ಬಿಸಿಲಾಗೈತೆ. ನೀರು ಕುಡದು ಹೋಗ್ರಿ” ಎಂದರು. ಕುಡಿದು ಬಂದೆ.

ಸೋಮವಾರ ಬೆಳಿಗ್ಗೆ ಅವಳು ಸೀರೆಯುಟ್ಟು ಬಾಗಿಲ ಬಳಿ ಬಂದಾಗ ನಾನೂ ಚಪ್ಪಲಿ ಮೆಟ್ಟಿದೆ.

“ನೀವು ಬರಾದು ಬ್ಯಾಡ್ರಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಬಸ್ ನಿಲ್ದಾಣದವರೆಗೆ ಬರಲು ಬಿಟ್ಟಳು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ನಾನು ನಿಂತ ದಿಕ್ಕಿಗಲ್ಲ, ಹರಿಹರದ ದಿಕ್ಕಿಗೆ ನೋಡುತ್ತ ಹೋದಳು.

ಸಂಜೆ ಬಂದವಳು ಚೀಲವನ್ನು ತಂದು ಊಟದ ಮೇಜಿನ ಮೇಲೆ, ತಕ್ಕಡಿಯ ಪಕ್ಕದಲ್ಲೇ ಇಟ್ಟಳು. ಕೈಕಾಲು ತೊಳೆದುಕೊಂಡು ಬಂದಳು. ಚೀಲ ಇಟ್ಟಂತೆಯೇ ಇತ್ತು.

“ನೋಡಲಿಲ್ಲೇನು?”

“ಇಲ್ಲ.”

ಅವಳೇ ಬಿಚ್ಚಿದಳು. ಅಕ್ಕಿ, ಅರಿಶಿನದ ಕೊಂಬು, ಎಲೆ ಅಡಿಕೆ, ಬೆಲ್ಲದ ಚೂರು, ಜಗಲಿಯ ಮೇಲಿದ್ದ ಅದೇ ಎರಡು ಕೊಬ್ಬರಿ ಬಟ್ಟಲು. ಎಲ್ಲದರ ಕೆಳಗೆ ಬಾಳೆ ಎಲೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ಸಣ್ಣ ಪೊಟ್ಟಣ. ಅದನ್ನು ನನ್ನ ಕಡೆ ಸರಿಸಿದಳು.

“ಇದು ನಿಮಗಂತೆ. ಬೆಣ್ಣೆ. ಅಕ್ಕ ಕೇಳಾಕ ಹೇಳ್ಯಾಳ...” ಎಂದು ನಿಲ್ಲಿಸಿದಳು. ಎರಡು ತಿಂಗಳ ನಂತರ ಅವಳ ತುಟಿಯಂಚು ಸ್ವಲ್ಪ ಅಲುಗಿದ್ದನ್ನು ಕಂಡೆ. “ಈಗಾದ್ರೂ ಅರಗತೈತೇನು ಅಂತ.”

ನಾನು ಮೊದಲು ಅವಳಿಗೆ ಬಡಿಸಿದೆ. ಎರಡು ರೊಟ್ಟಿ, ಒಗ್ಗರಣೆ ಹಾಕಿದ ಪಲ್ಯ, ತುಂಬ ಅನ್ನ. ತಕ್ಕಡಿಯನ್ನು ತೆಗೆದು ಕಪಾಟಿನಲ್ಲಿ ಇಟ್ಟೆ. ಬೇಳೆಗೆ ಅದು ನಾಳೆ ಬೇಕಾಗುತ್ತದೆ, ಅದನ್ನು ನಾನು ಬಿಡುವಂತಿಲ್ಲ. ಮಾತ್ರೆಯನ್ನೂ ನೀರನ್ನೂ ಅವಳ ಕೈಗೆಟಕುವಂತೆ ಇಟ್ಟೆ. ಆಮೇಲೆ ಪೊಟ್ಟಣ ಬಿಚ್ಚಿ, ನನ್ನ ರೊಟ್ಟಿಯ ಮೇಲೆ ಆ ಬೆಣ್ಣೆಯನ್ನು ಹಚ್ಚಿಕೊಂಡು, ಅವಳು ನೋಡುತ್ತಿರುವಂತೆಯೇ ಪೂರ್ತಿ ತಿಂದೆ.